ಕೀಬೋರ್ಡ್ ಕೂಟಕ್ಕೆ ಯಾವ ವಾದ್ಯ? ಬೆಳಗಾವಿಯ ಹವ್ಯಾಸಿಗಳಿಗೆ ಒಂದು ಹೋಲಿಕೆ

ಭಾನುವಾರ ಮಧ್ಯಾಹ್ನ ಕೂತು ನುಡಿಸುವ ಹವ್ಯಾಸಿ ಬಳಗಕ್ಕೆ ಹೊಸಬರು ಬಂದರೆ ಮೊದಲು ಕೇಳುವ ಮಾತು ಒಂದೇ: "ಯಾವ ಕೀಬೋರ್ಡ್ ತಗೊಂಡ್ರ ಚಲೋ ರೀ?" ಅಂಗಡಿಯಲ್ಲಿ ಕೇಳಿದರೆ ಟೋನ್ ಎಷ್ಟು, ರಿದಮ್ ಎಷ್ಟು ಅಂತ ಲೆಕ್ಕ ಒಪ್ಪಿಸುತ್ತಾರೆ. ಮನೆಯಲ್ಲಿ ಒಬ್ಬರೇ ನುಡಿಸುವವರಿಗೆ ಆ ಲೆಕ್ಕ ಉಪಯೋಗಕ್ಕೆ ಬರುತ್ತದೆ, ಕೂಟಕ್ಕೆ ಬರುವುದಿಲ್ಲ. ಐದಾರು ಜನ ಒಂದೇ ಕೋಣೆಯಲ್ಲಿ ಕೂತಾಗ ಬೇಕಾಗುವುದು ಪಕ್ಕದವರಿಗೆ ಜಾಗ ಬಿಡುವ ವಾದ್ಯ. ಸದ್ದು ತಕ್ಷಣ ತಗ್ಗಬೇಕು, ಪಟ್ಟಿ (ಹಾಡಿನ ಶ್ರುತಿ) ತಕ್ಷಣ ಬದಲಾಗಬೇಕು, ಪೇಟಿ (ಹಾರ್ಮೋನಿಯಂ) ಮತ್ತು ತಬಲಾ ಜೊತೆ ಹೊಂದಿಕೊಳ್ಳಬೇಕು, ಮುಗಿದ ಮೇಲೆ ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವ ಹಾಗಿರಬೇಕು. ಇಲ್ಲಿ ಎಲ್ಲ ವಾದ್ಯಗಳನ್ನೂ ನಾನು ಅದೇ ಲೆಕ್ಕದಲ್ಲಿ ಹೋಲಿಸಿದ್ದೇನೆ.

ಬೆಳಗಾವಿಯ ಕೂಟ ಹೇಗಿರುತ್ತದೆ ಅಂತ ಗೊತ್ತಿದ್ದರೆ ಆಯ್ಕೆ ಸುಲಭ. ಟಿಳಕವಾಡಿಯ ಒಂದು ಮನೆಯ ಮಾಳಿಗೆ ಕೋಣೆ ಅಂದುಕೊಳ್ಳಿ. ಭಜನೆಯಲ್ಲಿ ಪೇಟಿ ನುಡಿಸಿ ಬೆಳೆದವರು, ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಕೈ ಪಳಗಿಸಿಕೊಂಡವರು, ಕ್ಯಾಂಪ್ ಕಡೆ ಚರ್ಚಿನಲ್ಲಿ ಪಿಯಾನೋ ಕಲಿತವರು, ಲ್ಯಾಪ್‌ಟಾಪ್ ಬಗಲಿಗೇರಿಸಿಕೊಂಡು ಬರುವ ಇಂಜಿನಿಯರಿಂಗ್ ಹುಡುಗರು, ಎಲ್ಲಾ ಒಂದೇ ಜಮಖಾನೆ ಮೇಲೆ ಕೂತಿರುತ್ತಾರೆ. ಮಾತು ಅರ್ಧ ಕನ್ನಡ, ಅರ್ಧ ಮರಾಠಿ. ಒಬ್ಬರು "ಕಾಳಿ ಎರಡು" (ಎರಡನೇ ಕಪ್ಪು ಕೀ) ಅಂದರೆ ಇನ್ನೊಬ್ಬರು ಅದನ್ನೇ "ಡಿ ಶಾರ್ಪ್" ಅನ್ನುತ್ತಾರೆ. ಇಂಥ ಕಡೆ ತುಂಬಾ ದುಬಾರಿ ವಾದ್ಯಕ್ಕಿಂತ ಹೊಂದಿಕೊಳ್ಳುವ ವಾದ್ಯವೇ ಮೇಲು.

ಸ್ಪೀಕರ್ ಇರುವ 61 ಕೀಗಳ ಮಾಮೂಲಿ ಕೀಬೋರ್ಡ್

ನಮ್ಮ ಕಡೆ ಯಾವ ಕಂಪನಿಯದಾದರೂ ಎಲ್ಲರೂ "ಕ್ಯಾಸಿಯೋ" ಅನ್ನುವುದು ಇದನ್ನೇ. ರಿದಮ್ ಇರುತ್ತದೆ, ಒಳಗೇ ಸ್ಪೀಕರ್ ಇರುತ್ತದೆ, ಸೆಲ್ ಹಾಕಿದರೂ ನಡೆಯುತ್ತದೆ. ಮೊದಲ ಸಲ ಕೂಟಕ್ಕೆ ಬರುವವರಿಗೆ ನನ್ನ ಸಲಹೆ ಇದೇ. ಆದರೆ ಒಂದು ಷರತ್ತು ಇದೆ: ಟಚ್ ರೆಸ್ಪಾನ್ಸ್ ಇರಲೇಬೇಕು. ಅಂದರೆ ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯಬೇಕು. ಇದಿಲ್ಲದ ಕೀಬೋರ್ಡಿನಲ್ಲಿ ಎಲ್ಲ ಸ್ವರವೂ ಒಂದೇ ಜೋರಿನಲ್ಲಿ ಬರುತ್ತದೆ. ಹಾಡುವವರು ಮೆತ್ತಗೆ ಆಲಾಪ ಶುರು ಮಾಡಿದಾಗ ನೀವು ವಾಲ್ಯೂಮ್ ಗುಂಡಿ ಹುಡುಕುತ್ತಾ ಕೂರಬೇಕಾಗುತ್ತದೆ.

ಇಲ್ಲಿ ಮಾಡೆಲ್ ಹೆಸರು ಸರಿಯಾಗಿ ನೋಡಿ, ಯಾಕಂದರೆ ಹೊರಗಿಂದ ಎಲ್ಲಾ ಒಂದೇ ಥರ ಕಾಣುತ್ತವೆ. ಕ್ಯಾಸಿಯೋ ಸಿಟಿ-ಎಸ್200ಕ್ಕೆ ಟಚ್ ಇಲ್ಲ. ಅದರ ಜೋಡಿ ಸಿಟಿ-ಎಸ್300ಕ್ಕೆ ಇದೆ, ಸ್ವರ ಜಾರಿಸುವ ಪಿಚ್ ಬೆಂಡ್ ಚಕ್ರವೂ ಇದೆ. ಯಮಹಾದಲ್ಲಿ ಪಿಎಸ್‌ಆರ್-ಎಫ್52, ಪಿಎಸ್‌ಆರ್-ಇ273 ಎರಡಕ್ಕೂ ಟಚ್ ಇಲ್ಲ, ಪಿಎಸ್‌ಆರ್-ಇ373ಕ್ಕೆ ಇದೆ. ಆದರೆ ಇ373ಕ್ಕೆ ಪಿಚ್ ಬೆಂಡ್ ಚಕ್ರ ಇಲ್ಲ, ಅದು ಬೇಕೆಂದರೆ ಇ473ಕ್ಕೆ ಹೋಗಬೇಕು. ಸಾಮಾನ್ಯವಾಗಿ 10ರಿಂದ 20 ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಟಚ್ ಇರುವ ಒಳ್ಳೆಯ ವಾದ್ಯ ಸಿಗುತ್ತದೆ. ಅದಕ್ಕಿಂತ ಎರಡು ಮೂರು ಸಾವಿರ ಉಳಿಸಲು ಹೋಗಿ ಟಚ್ ಇಲ್ಲದ್ದನ್ನು ತರಬೇಡಿ. ಹಳೆಯದಾದರೂ ಪರವಾಗಿಲ್ಲ, ಟಚ್ ಇರುವ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಿ.

ಪಿಚ್ ಬೆಂಡ್ ಯಾಕೆ ಬೇಕು? ಇದು ಸುಳೇಭಾವಿಯಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಜಿಲ್ಲೆ. ಇಲ್ಲಿ ಚಹಾ ತಂದುಕೊಡುವ ಅಜ್ಜನ ಕಿವಿಗೂ ಮೀಂಡ್ ಗೊತ್ತು. ಕೀಬೋರ್ಡಿನಲ್ಲಿ ಹಾಗೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಆ ಚಕ್ರವೇ ಸುಲಭದ ದಾರಿ. ಸಾಮಾನ್ಯವಾಗಿ ಅದನ್ನು ಪೂರ್ತಿ ತಿರುಗಿಸಿದರೆ ಎರಡು ಸೆಮಿಟೋನ್, ಅಂದರೆ ಸ ದಿಂದ ಶುದ್ಧ ರಿ ವರೆಗೆ ಜಾರುತ್ತದೆ. ಕೊಳಲು, ಸಾರಂಗಿ, ಶಹನಾಯಿ ಟೋನ್ ಹಾಕಿ ನುಡಿಸುವ ಆಸೆ ಇರುವವರು ಇದನ್ನು ಬಿಡಬಾರದು. ಬರೀ ಕಾರ್ಡ್ (ಒಟ್ಟಿಗೆ ಒತ್ತುವ ಮೂರು ನಾಲ್ಕು ಸ್ವರ) ಹಿಡಿದು ಹಾಡಿಗೆ ಸಾಥ್ ಕೊಡುವವರಿಗೆ ಇದರ ಅಗತ್ಯ ಅಷ್ಟಿಲ್ಲ.

ಭಾರತಕ್ಕೆಂದೇ ಬಂದ ಮಾಡೆಲ್‌ಗಳೂ ಇವೆ: ಯಮಹಾದ ಪಿಎಸ್‌ಆರ್-ಐ500, ಕ್ಯಾಸಿಯೋದ ಸಿಟಿ-ಎಕ್ಸ್870ಐಎನ್. ಇವುಗಳಲ್ಲಿ ನಮ್ಮ ವಾದ್ಯಗಳ ಟೋನ್, ನಮ್ಮ ತಾಳದ ರಿದಮ್ ಇವೆ. ಐ500ರಲ್ಲಿ ತಂಬೂರಿ, ತಬಲಾ ಹಾಕಿಕೊಂಡು ರಿಯಾಜ್ ಮಾಡುವ ಸೌಲಭ್ಯವೂ ಇದೆ. ಮನೆಯ ಅಭ್ಯಾಸಕ್ಕೆ ಇದು ಬಹಳ ಚಲೋ. ಕೂಟದಲ್ಲಿ ತಬಲಾದವರು ಎದುರಿಗೇ ಕೂತಿರುವಾಗ ಆ ಸೌಲಭ್ಯ ಸುಮ್ನೆ ಇರುತ್ತದೆ. ನಿಮ್ಮ ಬಳಗದಲ್ಲಿ ತಾಳದವರು ಯಾರೂ ಇಲ್ಲದಿದ್ದರೆ ಮಾತ್ರ ಇದಕ್ಕಾಗಿ ಜಾಸ್ತಿ ದುಡ್ಡು ಕೊಡಿ.

ರಿದಮ್ ಹಾಕಬೇಕೋ ಬೇಡವೋ

ಕೂಟಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಜಗಳ ನಡೆಯುವುದು ಇದರ ಮೇಲೇ. ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ತಬಲಾ, ಢೋಲಕ್, ಕಾಹೋನ್, ಏನಾದರೂ ಒಂದನ್ನು ಮನುಷ್ಯರು ಬಾರಿಸುತ್ತಿದ್ದರೆ ಕೀಬೋರ್ಡಿನ ರಿದಮ್ ಬಂದ್ ಇರಬೇಕು.

ಕಾರಣ ಇಷ್ಟೇ. ಮನುಷ್ಯರ ಲಯ ಹಾಡಿನ ಜೊತೆ ಉಸಿರಾಡುತ್ತದೆ. ಹಾಡುವವರು ಸಮದ (ತಾಳದ ಮೊದಲ ಮಾತ್ರೆಯ) ಹತ್ತಿರ ಒಂಚೂರು ಎಳೆದರೆ ತಬಲಾದವರು ಕಾಯುತ್ತಾರೆ, ತಿಹಾಯಿಗೆ (ಮೂರು ಸಲ ನುಡಿಸಿ ಮುಗಿಸುವ ತುಣುಕಿಗೆ) ಬಂದಾಗ ಲಯ ಒಂದು ಕೂದಲೆಳೆ ಏರುತ್ತದೆ. ಯಂತ್ರ ಕಾಯುವುದಿಲ್ಲ. ಅದರ ಲಯಕ್ಕೆ ಎಲ್ಲರೂ ಓಡಬೇಕು. ಮೂರು ನಿಮಿಷದಲ್ಲಿ ತಬಲಾದವರ ಮುಖ ನೋಡಿದರೆ ಗೊತ್ತಾಗುತ್ತದೆ, ಅವರು ನುಡಿಸುತ್ತಿಲ್ಲ, ಬೆನ್ನಟ್ಟುತ್ತಿದ್ದಾರೆ.

ಇನ್ನೊಂದು ತೊಂದರೆ ಆಟೊ ಅಕಂಪನಿಮೆಂಟ್‌ನದು. ಎಡಗೈಯಲ್ಲಿ ನೀವು ಒಂದು ಕಾರ್ಡ್ ಹಿಡಿದರೆ ಕೀಬೋರ್ಡ್ ತಾನೇ ಬೇಸ್, ಗಿಟಾರ್, ಸ್ಟ್ರಿಂಗ್ಸ್ ಎಲ್ಲಾ ಸೇರಿಸಿ ನುಡಿಸುತ್ತದೆ. ಮನೆಯಲ್ಲಿ ಒಬ್ಬರೇ ಇರುವಾಗ ಇದು ತುಂಬಾ ಖುಷಿ ಕೊಡುತ್ತದೆ. ಕೂಟದಲ್ಲಿ ಆ ಬೇಸ್, ಆ ಗಿಟಾರ್ ನುಡಿಸಬೇಕಾದವರು ಪಕ್ಕದಲ್ಲೇ ಇರುತ್ತಾರೆ. ಅವರ ಕೆಲಸವನ್ನೆಲ್ಲ ನಿಮ್ಮ ಯಂತ್ರ ಮಾಡಿಬಿಟ್ಟರೆ ಅವರು ಯಾಕೆ ಬರಬೇಕು ಹೇಳಿ?

ತಾಳದವರೇ ಇಲ್ಲದ ದಿನ ರಿದಮ್ ಹಾಕಿ, ಆದರೆ ಒಂದೇ ಕೀಬೋರ್ಡಿನಲ್ಲಿ. ಎರಡರಲ್ಲಿ ಒಂದೇ ಟೆಂಪೋ ಇಟ್ಟು ಒಟ್ಟಿಗೆ ಶುರು ಮಾಡಿದರೂ ಸ್ವಲ್ಪ ಹೊತ್ತಿಗೆ ಹಿಂದೆ ಮುಂದೆ ಆಗುತ್ತವೆ, ಯಾಕಂದರೆ ಎರಡರ ಗಡಿಯಾರವೂ ಬೇರೆ. ಜೊತೆಗೆ ಯಮಹಾದಲ್ಲಿ ಎಸಿಎಂಪಿ ಅನ್ನುವ ಬಟನ್ ಬಂದ್ ಮಾಡಿ. ಆಗ ಡ್ರಮ್ ಮಾತ್ರ ಉಳಿಯುತ್ತದೆ, ಬೇಸ್ ಮತ್ತು ಕಾರ್ಡ್ ಜಾಗ ಉಳಿದವರಿಗೆ ಸಿಗುತ್ತದೆ. ಇಷ್ಟು ಮಾಡಿದರೆ ಅರ್ಧ ಜಗಳ ಮುಗಿದ ಹಾಗೆ.

ಎರಡು ವಾದ್ಯಗಳ ಲಯವನ್ನು ತಂತಿಯಲ್ಲೇ ಜೋಡಿಸಬಹುದು. 1983ರಲ್ಲಿ ಬಂದ, ವಾದ್ಯಗಳು ಒಂದಕ್ಕೊಂದು ಸಂಕೇತ ಕಳಿಸುವ ಮಿಡಿ ವ್ಯವಸ್ಥೆ ಇರುವುದೇ ಇಂಥದಕ್ಕೆ. ಒಂದು ವಾದ್ಯ ಪ್ರತಿ ಕ್ವಾರ್ಟರ್ ನೋಟಿಗೆ 24 ಸಲ ಮಿಡಿತ ಕಳಿಸುತ್ತದೆ, ಇನ್ನೊಂದು ಅದನ್ನು ಹಿಡಿದು ಹೋಗುತ್ತದೆ. ಆದರೆ ಇದಕ್ಕೆ ಎರಡರಲ್ಲೂ 5 ಪಿನ್ನಿನ ದುಂಡು ಸಾಕೆಟ್ ಇರಬೇಕು. ಈಗಿನ ಕಡಿಮೆ ಬೆಲೆಯ ಕೀಬೋರ್ಡುಗಳಲ್ಲಿ ಸಾಮಾನ್ಯವಾಗಿ ಬರೀ ಯುಎಸ್‌ಬಿ ಇರುತ್ತದೆ, ಅದನ್ನು ಕಂಪ್ಯೂಟರ್‌ಗೋ ಮೊಬೈಲಿಗೋ ಸಿಕ್ಕಿಸಬೇಕು. ಎರಡು ಕೀಬೋರ್ಡುಗಳನ್ನು ನೇರವಾಗಿ ಒಂದಕ್ಕೊಂದು ಸಿಕ್ಕಿಸಿದರೆ ಏನೂ ಆಗುವುದಿಲ್ಲ.

ಸ್ಪೀಕರ್ ಇಲ್ಲದ ಸಿಂಥ್ (ಸಿಂಥಸೈಜರ್)

ಆರ್ಕೆಸ್ಟ್ರಾದವರ ಕೈಯಲ್ಲಿ ಜಾಸ್ತಿ ಕಾಣುವುದು ರೋಲ್ಯಾಂಡ್ ಎಕ್ಸ್‌ಪಿಎಸ್-10 ಥರದ್ದು. ಟೋನ್ ಗುಣ ಒಳ್ಳೆಯದು, ಒಂದು ಬಟನ್ ಒತ್ತಿದರೆ ಟೋನ್ ಬದಲಾಗುವ ಹಾಗೆ ಮೊದಲೇ ಜೋಡಿಸಿ ಇಡಬಹುದು, ಪಟ್ಟಿ ಏರಿಸಿ ಇಳಿಸುವುದೂ ಬೇಗ. ಹಾಡಿನ ನಡುವೆ ಕೊಳಲು ಬಿಟ್ಟು ಸ್ಟ್ರಿಂಗ್ಸ್‌ಗೆ ಬರಬೇಕಾದವರಿಗೆ ಇದಕ್ಕಿಂತ ಹಿತ ಬೇರೆ ಇಲ್ಲ. ಆದರೆ ಒಳಗೆ ಸ್ಪೀಕರ್ ಇಲ್ಲ. ಕೂಟದ ಜಾಗದಲ್ಲಿ ಆಂಪ್ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಅಥವಾ ಮಿಕ್ಸರ್ (ಹಲವರ ಸದ್ದು ಒಂದುಗೂಡಿಸುವ ಪೆಟ್ಟಿಗೆ) ಇರುತ್ತದೆ ಅಂತ ಖಾತ್ರಿ ಇದ್ದರೆ ಮಾತ್ರ ತನ್ನಿ. ಇಲ್ಲದಿದ್ದರೆ ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ಕೇಳುತ್ತಾ ಕೂರಬೇಕು. ಬೆಲೆಯೂ ಮಾಮೂಲಿ ಕೀಬೋರ್ಡಿನ ಎರಡು ಮೂರು ಪಟ್ಟು. ವೇದಿಕೆ ಮೇಲೂ ನುಡಿಸುವವರಿಗೆ ಇದು ಸರಿ. ಬರೀ ತಿಂಗಳಿಗೊಮ್ಮೆ ಕೂಟಕ್ಕೆ ಬರುವವರಿಗೆ ದುಬಾರಿ ಆಯಿತು.

ಪುಟ್ಟ ಸಿಂಥ್‌ಗಳು ಬೇರೆ ಜಾತಿ. ಯಮಹಾದ ರಿಫೇಸ್ ಸರಣಿ 2015ರಲ್ಲಿ ಬಂತು: 37 ಸಣ್ಣ ಕೀಗಳು, ಒಳಗೇ ಸ್ಪೀಕರ್, 6 ಸೆಲ್ಲಿನಲ್ಲಿ ನಡೆಯುತ್ತದೆ. ಕೋರ್ಗ್ ಮೈಕ್ರೋಕೋರ್ಗ್ 2002ರದ್ದು, ಅದೂ 37 ಸಣ್ಣ ಕೀಗಳದ್ದೇ, ಆದರೆ ಒಮ್ಮೆಗೆ 4 ಸ್ವರ ಮಾತ್ರ. ಅಂದರೆ ಎರಡೂ ಕೈಯಲ್ಲಿ ಕಾರ್ಡ್ ಹಿಡಿದರೆ ಕೆಲವು ಸ್ವರ ಬಿಟ್ಟುಹೋಗುತ್ತವೆ. ಇವುಗಳಲ್ಲಿ ಹಾಡು ಪೂರ್ತಿ ನುಡಿಸುವ ಆಸೆ ಇಟ್ಟುಕೊಳ್ಳಬೇಡಿ. ಒಂದು ಬೇಸ್ ಎಳೆ, ಒಂದು ಸೀಟಿಯಂಥ ಲೀಡ್, ಹಿಂದೆ ಮೆಲ್ಲಗೆ ಹರಿಯುವ ಪ್ಯಾಡ್, ಇಷ್ಟೇ ಇವುಗಳ ಕೆಲಸ, ಮತ್ತು ಆ ಕೆಲಸವನ್ನು ಅಷ್ಟು ಚಂದ ಬೇರೆ ಯಾವುದೂ ಮಾಡುವುದಿಲ್ಲ. ಬಳಗದಲ್ಲಿ ಈಗಾಗಲೇ ಮೂರು ಮಾಮೂಲಿ ಕೀಬೋರ್ಡ್ ಇದ್ದರೆ ನಾಲ್ಕನೆಯವರು ಇಂಥದ್ದು ತರಲಿ ಅಂತ ನಾನು ಬಾಯಿಬಿಟ್ಟು ಹೇಳುತ್ತೇನೆ. ಬ್ಯಾಗಿನಲ್ಲಿ ಊಟದ ಡಬ್ಬಿ ಪಕ್ಕದಲ್ಲೇ ಕೂರುತ್ತದೆ, ಬೈಕ್ ಮೇಲೆ ಬರುವವರಿಗೆ ವರ.

ಡಿಜಿಟಲ್ ಪಿಯಾನೋ

88 ಕೀ, ಸುತ್ತಿಗೆಯ ತೂಕ, ಬೆರಳಿಗೆ ನಿಜವಾದ ಪಿಯಾನೋ ಅನುಭವ. ಯಮಹಾ ಪಿ-45 ಸುಮಾರು 132 ಸೆಂಟಿಮೀಟರ್ ಉದ್ದ, 11.5 ಕಿಲೋ. ಸಿಟಿ-ಎಸ್300 ಬರೀ 93 ಸೆಂಟಿಮೀಟರ್, 3.3 ಕಿಲೋ. ಗೋಕಾಕದಿಂದಲೋ ಬೈಲಹೊಂಗಲದಿಂದಲೋ ಬಸ್ಸಿನಲ್ಲಿ ಬರುವವರಿಗೆ ಈ ಅಂತರವೇ ತೀರ್ಮಾನ. ಇನ್ನೊಂದು ಮಾತು, ಪಿ-45ರಲ್ಲಿ ಪಟ್ಟಿ ಬದಲಿಸಲು ಒಂದು ಬಟನ್ ಹಿಡಿದುಕೊಂಡು ಅದಕ್ಕೆಂದು ಇಟ್ಟ ಕೀ ಒತ್ತಬೇಕು. ಹಾಡು ಹಾಡಿಗೂ ಪಟ್ಟಿ ಬದಲಾಗುವ ನಮ್ಮ ಕೂಟಗಳಲ್ಲಿ ಅದು ನಿಧಾನದ ಕೆಲಸ. ಕೂಟ ನಿಮ್ಮ ಮನೆಯಲ್ಲೇ ನಡೆಯುತ್ತಿದ್ದರೆ ಪಿಯಾನೋ ಒಂದು ಮೂಲೆಯಲ್ಲಿ ಇರಲಿ, ಯಾರಾದರೂ ನುಡಿಸುತ್ತಾರೆ. ಹೊತ್ತು ತರಲು ಬೇಡ. ಪಿಯಾನೋ ನಾದವೇ ಬೇಕು, ತೂಕ ಬೇಡ ಅನ್ನುವವರಿಗೆ ಯಮಹಾ ಎನ್‌ಪಿ-12 ಇದೆ: 61 ಕೀ, 4.5 ಕಿಲೋ, ಸೆಲ್ಲಿನಲ್ಲೂ ನಡೆಯುತ್ತದೆ.

ಮಿಡಿ ಕಂಟ್ರೋಲರ್ ಮತ್ತು ಮೊಬೈಲ್

ಹುಡುಗರ ಮೆಚ್ಚಿನ ದಾರಿ ಇದು. ಕಂಟ್ರೋಲರಿನಲ್ಲಿ ನಾದ ಇಲ್ಲ, ಬರೀ ಕೀ. ನಾದ ಬರುವುದು ಲ್ಯಾಪ್‌ಟಾಪ್ ಅಥವಾ ಮೊಬೈಲಿನ ಆಪ್‌ನಿಂದ. ಅಗ್ಗ, ಹಗುರ, ನಾದಕ್ಕೆ ಮಿತಿ ಇಲ್ಲ. ತೊಂದರೆ ಒಂದೇ, ತಡ. ಕೀ ಒತ್ತಿದ ಮೇಲೆ ನಾದ ಬರಲು ಹಿಡಿಯುವ ಹೊತ್ತು 10 ಮಿಲಿಸೆಕೆಂಡ್ ಆಸುಪಾಸು ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮೂರು ಮೀಟರ್ ದೂರ ಕೂತವರ ನಾದ ನಿಮ್ಮ ಕಿವಿಗೆ ತಲುಪಲಿಕ್ಕೂ ಸುಮಾರು 9 ಮಿಲಿಸೆಕೆಂಡ್ ಬೇಕು, ಅದನ್ನು ನಾವು ಗಮನಿಸುತ್ತೇವಾ? ಆದರೆ ಮೊಬೈಲಿನಿಂದ ಬ್ಲೂಟೂತ್ ಸ್ಪೀಕರಿಗೆ ಕಳಿಸಿದರೆ ತಡ 100 ಮಿಲಿಸೆಕೆಂಡ್ ದಾಟುವುದು ಸಾಮಾನ್ಯ. ದ್ರುತ್ (ವೇಗದ) ಲಯದಲ್ಲಿ ಅದು ಕಾಲು ಮಾತ್ರೆಗಿಂತ ಜಾಸ್ತಿಯೇ ಹೋಗಬಹುದು. ನುಡಿಸುವವರು ಪಾಪ, ಸರಿಯಾಗಿಯೇ ನುಡಿಸುತ್ತಾರೆ, ಕೇಳುವವರಿಗೆ ಬೇತಾಳ ಅನಿಸುತ್ತದೆ.

ಹಾಗಾಗಿ ಇದನ್ನು ಆರಿಸಿದರೆ ಬ್ಲೂಟೂತ್ ಬಿಟ್ಟು ವಯರ್ ಹಿಡಿಯಿರಿ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಭೀಮಪಲಾಸಿ ರಾಗದ ನಡುವೆ ಫೋನ್ ಬರುತ್ತದೆ. ಲ್ಯಾಪ್‌ಟಾಪ್ ತರುವವರು ಮನೆಯಲ್ಲೇ ಎಲ್ಲ ಜೋಡಿಸಿ, ನುಡಿಸಿ ನೋಡಿಕೊಂಡು ಬನ್ನಿ. ಕೂಟ ಇರುವುದು ಎರಡು ಮೂರು ತಾಸು. ಅದರಲ್ಲಿ ಅರ್ಧ ತಾಸು ಡ್ರೈವರ್ ಹುಡುಕುತ್ತಾ ಕೂತರೆ ಉಳಿದವರ ಉತ್ಸಾಹ ಇಳಿದುಹೋಗುತ್ತದೆ.

ಪೇಟಿ ಜೊತೆ ಹೊಂದಿಸುವುದು

ಬೇರೆ ಊರುಗಳ ಸಲಹೆಗಳಲ್ಲಿ ಇದು ಸಿಗುವುದಿಲ್ಲ. ನಮ್ಮ ಕಡೆ ಮಾತ್ರ ಇದಿಲ್ಲದೆ ಕೂಟ ನಡೆಯುವುದೇ ಇಲ್ಲ. ಪೇಟಿಯವರು ಬಂದೇ ಬರುತ್ತಾರೆ, ಬರಬೇಕು ಕೂಡ. ಸಮಸ್ಯೆ ಏನೆಂದರೆ ಪೇಟಿಯ ಸ್ವರ ಹಿತ್ತಾಳೆಯ ರೀಡಿನಲ್ಲಿ ಕೂತಿದೆ, ಕೂಟದಲ್ಲಿ ಅದನ್ನು ಏರಿಸಿ ಇಳಿಸಲು ಆಗುವುದಿಲ್ಲ. ಕೀಬೋರ್ಡ್ ಎ ಸ್ವರವನ್ನು 440 ಹರ್ಟ್ಸ್‌ಗೆ ಇಟ್ಟುಕೊಂಡು ಬಂದಿರುತ್ತದೆ. ಹಳೆ ಪೇಟಿಗಳಲ್ಲಿ ಎಷ್ಟೋ 440ರಲ್ಲಿ ಇರುವುದಿಲ್ಲ. ಎರಡೂ ಒಟ್ಟಿಗೆ ನುಡಿದರೆ ನಾದ ಅಲೆ ಅಲೆಯಾಗಿ ನಡುಗುತ್ತದೆ. ಎರಡರ ನಡುವೆ 2 ಹರ್ಟ್ಸ್ ಅಂತರ ಇದ್ದರೆ ಸೆಕೆಂಡಿಗೆ 2 ಸಲ ಆ ನಡುಕ ಕೇಳುತ್ತದೆ.

ಆದ್ದರಿಂದ ಕೀಬೋರ್ಡೇ ಪೇಟಿಯ ಕಡೆ ಬರಬೇಕು. ಕೂತ ತಕ್ಷಣ ಪೇಟಿಯವರನ್ನು ಕೇಳಿ: "ಮಾಸ್ತರ್, ನಡುವಿನ ಸಪ್ತಕದ ಬಿಳಿ ಆರು ಒಂದೇ ಹಿಡೀರಿ." ಅದೇ ಎ. ಬಾಕಿ ಎಲ್ಲರೂ ಸುಮ್ಮನಿರಲಿ, ಫ್ಯಾನ್ ಬಂದ್ ಇರಲಿ. ಮೊಬೈಲಿನ ಟ್ಯೂನರ್ ಆಪ್ ರೀಡಿನ ಹತ್ತಿರ ಹಿಡಿದು ಸಂಖ್ಯೆ ನೋಡಿ. ಭಾತೆ (ಪೇಟಿಗೆ ಗಾಳಿ ಹಾಕುವ ತಿದಿ) ಒತ್ತುವ ಜೋರಿಗೆ ಸಂಖ್ಯೆ ಒಂಚೂರು ಅತ್ತಿತ್ತ ಆಡುತ್ತದೆ, ನಿಂತ ಜಾಗದ ಸಂಖ್ಯೆ ತೆಗೆದುಕೊಳ್ಳಿ. 443 ಬಂತು ಅಂದುಕೊಳ್ಳಿ. ಕೀಬೋರ್ಡಿನ ಫಂಕ್ಷನ್ ಮೆನುವಿನಲ್ಲಿ ಟ್ಯೂನಿಂಗ್ ಹುಡುಕಿ 443 ಮಾಡಿ. ಯಮಹಾ ಇ373ರಲ್ಲಿ ಇದು 427ರಿಂದ 453 ಹರ್ಟ್ಸ್ ವರೆಗೆ ಹೋಗುತ್ತದೆ, ಕ್ಯಾಸಿಯೋ ಸಿಟಿ-ಎಸ್300ರಲ್ಲಿ 415.5ರಿಂದ 465.9ರ ವರೆಗೆ. ಕೊನೆಗೆ ಎರಡನ್ನೂ ಒಟ್ಟಿಗೆ ಹಿಡಿದು ಕಿವಿಯಲ್ಲಿ ನೋಡಿ. ನಡುಕ ನಿಂತಿತು ಅಂದರೆ ಸಂಖ್ಯೆ ಏನೇ ಹೇಳಲಿ, ಕೆಲಸ ಆಯಿತು.

ಕೊಳ್ಳುವಾಗ ಅಂಗಡಿಯಲ್ಲೇ ಈ ಟ್ಯೂನಿಂಗ್ ಮೆನು ತೋರಿಸಿ ಅಂತ ಕೇಳಿ. ಮಕ್ಕಳ ಆಟಿಕೆಯಂಥ ಸಣ್ಣ ಕೀಬೋರ್ಡುಗಳಲ್ಲಿ ಇದು ಇಲ್ಲದಿರಬಹುದು. ಪೇಟಿ ಇರುವ ಬಳಗಕ್ಕೆ ಅಂಥದ್ದು ಬೇಡವೇ ಬೇಡ.

ಪಟ್ಟಿಯ ಗೊಂದಲ

ಟ್ರಾನ್ಸ್‌ಪೋಸ್ ಬಟನ್ ಹವ್ಯಾಸಿಗಳ ಪ್ರಾಣ ಉಳಿಸುತ್ತದೆ. ಹಾಡುವವರು ಕಾಳಿ ಎರಡಕ್ಕೆ ಹಾಡುತ್ತಾರೆ, ನಿಮಗೆ ಬಿಳಿ ಒಂದರ ಬೆರಳಷ್ಟೇ ಗೊತ್ತು. ಟ್ರಾನ್ಸ್‌ಪೋಸ್ 3 ಏರಿಸಿದರೆ ನೀವು ಸಿ ಯಿಂದ ನುಡಿಸಿದ್ದು ಡಿ ಶಾರ್ಪಿನಲ್ಲಿ ಕೇಳುತ್ತದೆ. ಒಳ್ಳೆಯದೇ. ಆದರೆ ಪಕ್ಕದವರು ಟ್ರಾನ್ಸ್‌ಪೋಸ್ ಇಲ್ಲದೆ ನೇರ ಡಿ ಶಾರ್ಪಿನಲ್ಲೇ ನುಡಿಸುತ್ತಿದ್ದರೆ? ನೀವು ಉತ್ಸಾಹದಲ್ಲಿ "ಈಗ ಎಫ್" ಅಂತ ಕೂಗುತ್ತೀರಿ. ನಿಮ್ಮ ಎಫ್ ನಿಜದಲ್ಲಿ ಜಿ ಶಾರ್ಪ್. ಅವರು ನಂಬಿ ನಿಜವಾದ ಎಫ್ ಹಿಡಿಯುತ್ತಾರೆ. ಒಂದೇ ಬಾಗಿಲಲ್ಲಿ ಇಬ್ಬರು ಎದುರುಬದುರು ನುಗ್ಗಿದ ಹಾಗೆ ಆಗುತ್ತದೆ.

ಇದಕ್ಕೆ ನಮ್ಮಲ್ಲೇ ಪರಿಹಾರ ಇದೆ, ಹೊರಗಿಂದ ತರಬೇಕಾಗಿಲ್ಲ. ಕಾರ್ಡಿನ ಹೆಸರು ಕೂಗಬೇಡಿ, ಸರಿಗಮದಲ್ಲಿ ಹೇಳಿ. "ಮ ಕ್ಕ ಹೋಗೂಣು", "ಪ ದಿಂದ ಸ ಕ್ಕ ಬರ್ರಿ." ಯಾರು ಯಾವ ಪಟ್ಟಿಯಲ್ಲಿ ಕೂತಿದ್ದರೂ ಮ ಎಲ್ಲರಿಗೂ ಮ ನೇ. ಪೇಟಿಯವರಿಗೂ ತಿಳಿಯುತ್ತದೆ, ಚರ್ಚ್ ಪಿಯಾನೋದವರಿಗೂ ಒಂದೇ ಸಲಕ್ಕೆ ತಿಳಿಯುತ್ತದೆ. ಸ್ಕೇಲ್ ಚೇಂಜರ್ (ಕೀಗಳನ್ನೇ ಸರಿಸಿ ಪಟ್ಟಿ ಬದಲಿಸುವ) ಪೇಟಿ ಇದ್ದರೆ ಅದಕ್ಕೂ ಇದೇ ಮಾತು.

ವಾದ್ಯ ಆರಿಸುವಾಗ ಇಷ್ಟು ನೋಡಿ: ಟ್ರಾನ್ಸ್‌ಪೋಸ್‌ಗೆ ಬೇರೆಯೇ ಬಟನ್ ಇದೆಯೋ, ಮೆನುವಿನ ಒಳಗೆ ಹೂತಿದೆಯೋ? ಎಷ್ಟು ಏರಿಸಿದ್ದೀರಿ ಅನ್ನುವುದು ಪರದೆ ಮೇಲೆ ಕಾಣುತ್ತದೋ? ಇನ್ನೊಂದು, ಬಹುತೇಕ ಕೀಬೋರ್ಡುಗಳು ಬಂದ್ ಆಗಿ ಮತ್ತೆ ಶುರುವಾದರೆ ಟ್ರಾನ್ಸ್‌ಪೋಸ್ ಸೊನ್ನೆಗೆ ಬರುತ್ತದೆ. ಯಮಹಾ ಪಿಎಸ್‌ಆರ್ ಕೀಬೋರ್ಡುಗಳು 30 ನಿಮಿಷ ಮುಟ್ಟದಿದ್ದರೆ ತಾವೇ ಬಂದ್ ಆಗುವ ಹಾಗೆ ಇಟ್ಟು ಬಂದಿರುತ್ತವೆ. ಚಹಾ, ಮಂಡಕ್ಕಿ, ಮಾತು ಅಂತ ಬಿಡುವು ಉದ್ದವಾಗಿ, ತಿರುಗಿ ಕೂತಾಗ ಮೊದಲ ಕಾರ್ಡೇ ಬೇಸೂರು. ಇ373ರಲ್ಲಿ ಎಡತುದಿಯ ಕೀ ಒತ್ತಿ ಹಿಡಿದು ಆನ್ ಮಾಡಿದರೆ ಈ ತಾನೇ ಬಂದ್ ಆಗುವ ಚಾಳಿ ನಿಲ್ಲುತ್ತದೆ.

ಸದ್ದು: ಒಳಗಿನ ಸ್ಪೀಕರ್ ಸಾಕೋ, ಆಂಪ್ ಬೇಕೋ

ಇಬ್ಬರು ಮೂವರು ಕೀಬೋರ್ಡಿನವರು, ಒಬ್ಬರು ಹಾಡುವವರು, ಮೈಕ್ ಇಲ್ಲ. ಇಷ್ಟಕ್ಕೆ ಒಳಗಿನ ಸ್ಪೀಕರ್ ಸಾಕು. ತಬಲಾ ಬಂದರೆ ಸಾಲದು. ಇ373ರ ಸ್ಪೀಕರ್ 2.5 ವಾಟಿನ ಎರಡು, ಸಿಟಿ-ಎಸ್300ದು 2 ವಾಟಿನ ಎರಡು. ಢೋಲಕ್ ಎದುರು ಅದು ಕೇಳುವುದೇ ಇಲ್ಲ. ಪೂರ್ತಿ ವಾಲ್ಯೂಮ್ ಕೊಟ್ಟರೆ ಬೇಸ್ ಸ್ವರ ಗೊರಗೊರ ಅನ್ನುತ್ತದೆ.

ಆಗ ಎರಡು ದಾರಿ. ಒಬ್ಬೊಬ್ಬರೂ ಸಣ್ಣ ಆಂಪ್ ತರುವುದು, ಇಲ್ಲವೇ ಬಳಗವೇ ಒಂದು ಮಿಕ್ಸರ್ ಮತ್ತು ಒಂದು ಜೊತೆ ಸ್ಪೀಕರ್ ಇಟ್ಟುಕೊಳ್ಳುವುದು. ನನ್ನ ಓಟು ಮಿಕ್ಸರಿಗೆ. ಎಲ್ಲರ ಸದ್ದೂ ಒಬ್ಬರ ಕೈಯಲ್ಲಿ ಇದ್ದರೆ ವಾಲ್ಯೂಮ್ ಪೈಪೋಟಿ ನಡೆಯುವುದಿಲ್ಲ. ಬೇರೆ ಬೇರೆ ಆಂಪ್ ಇದ್ದರೆ ಪಕ್ಕದವರು ಒಂದು ಗೆರೆ ಏರಿಸುತ್ತಾರೆ, ನಿಮಗೆ ನಿಮ್ಮದು ಕೇಳುವುದಿಲ್ಲ, ನೀವೂ ಏರಿಸುತ್ತೀರಿ, ಕೊನೆಗೆ ಕೆಳಗಿನ ಮನೆಯವರು ಮೇಲೆ ಬರುತ್ತಾರೆ. ಗಿಟಾರ್ ಆಂಪ್ ಇದೆ ಅಂತ ಅದನ್ನೇ ಕೀಬೋರ್ಡಿಗೆ ಬಳಸುವುದೂ ಬೇಡ. ಅದರ ಸ್ಪೀಕರ್ ಗಿಟಾರಿನ ನಾದಕ್ಕೆ ಮಾಡಿದ್ದು, ಮೇಲಿನ ಸ್ವರಗಳ ಹೊಳಪು ಸತ್ತು ಪಿಯಾನೋ ಮಂಕಾಗಿ ಕೇಳುತ್ತದೆ.

ವಯರ್ ವಿಷಯದಲ್ಲಿ ಜೋಪಾನ. ಇ373ರಲ್ಲಿ ಹೆಡ್‌ಫೋನ್ ತೂತೇ ಹೊರಗೆ ಸದ್ದು ಕಳಿಸುವ ತೂತು, 6.35 ಮಿಲಿಮೀಟರ್ ದಪ್ಪ ಪಿನ್ನಿನದು. ಸಿಟಿ-ಎಸ್300ರಲ್ಲಿ 3.5ರ ಸಣ್ಣ ಪಿನ್ನಿನದು. ಎರಡೂ ಸ್ಟೀರಿಯೋ. ಎರಡು ಕಡೆಯೂ ಸ್ಟೀರಿಯೋ ಪಿನ್ ಇರುವ ವಯರನ್ನು ಮಿಕ್ಸರಿನ ಬ್ಯಾಲೆನ್ಸ್ಡ್ ತೂತಿಗೆ ಹಾಕಿದರೆ ಎಡ ಬಲ ಒಂದನ್ನೊಂದು ತಿಂದುಹಾಕುತ್ತವೆ. ನಾದ ತೆಳ್ಳಗಾಗುತ್ತದೆ, ಕೆಲವು ಟೋನ್ ಕಾಣೆಯೇ ಆಗುತ್ತವೆ. ಒಂದು ಕಡೆ ಸ್ಟೀರಿಯೋ ಪಿನ್, ಇನ್ನೊಂದು ಕಡೆ ಎರಡು ಮೋನೋ ಪಿನ್ ಇರುವ ಕವಲು ವಯರ್ ಬೇಕು, ಅದನ್ನು ಎರಡು ಚಾನಲ್‌ಗೆ ಹಾಕಬೇಕು. ಇನ್ನೊಂದು ಸಂಗತಿ, ಈ ತೂತಿಗೆ ಪಿನ್ ಹಾಕಿದ ತಕ್ಷಣ ಒಳಗಿನ ಸ್ಪೀಕರ್ ಬಂದ್ ಆಗುತ್ತದೆ. ಮಿಕ್ಸರಿನ ಸ್ಪೀಕರ್ ನಿಮ್ಮ ಕಡೆಗೂ ಮುಖ ಮಾಡಿರದಿದ್ದರೆ ನಿಮ್ಮ ನಾದ ನಿಮಗೇ ಕೇಳುವುದಿಲ್ಲ.

ಎಷ್ಟು ಕೀಬೋರ್ಡ್ ಇದ್ದರೆ ಯಾರು ಏನು ನುಡಿಸಬೇಕು

ಮೂರು ಕೀಬೋರ್ಡುಗಳು ಒಂದೇ ಪಿಯಾನೋ ಟೋನಿನಲ್ಲಿ, ಒಂದೇ ಸಪ್ತಕದಲ್ಲಿ, ಒಂದೇ ಕಾರ್ಡ್ ಹಿಡಿದರೆ ಒಬ್ಬರದೂ ಕೇಳುವುದಿಲ್ಲ. ದುಬಾರಿ ವಾದ್ಯ ತಂದರೂ ಇದು ಸರಿಹೋಗುವುದಿಲ್ಲ. ಸಪ್ತಕ ಹಂಚಿಕೊಳ್ಳಿ. ನಡುವಿನ ಸಿ ಗಿಂತ ಕೆಳಗೆ ಒಬ್ಬರೇ ಇರಲಿ, ಅವರಿಗೆ ಬೇಸ್ ಕೆಲಸ. ಉಳಿದವರ ಎಡಗೈ ತೊಡೆ ಮೇಲೆ ಇದ್ದರೂ ನಡೆಯುತ್ತದೆ. ಒಬ್ಬರು ನಡುವಿನಲ್ಲಿ ಕಾರ್ಡ್, ಒಬ್ಬರು ಮೇಲೆ ಕೊಳಲೋ ಸಿತಾರೋ ಟೋನಿನಲ್ಲಿ ಹಾಡಿನ ಮಾತಿಗೆ ಉತ್ತರ. ನಾಲ್ಕನೆಯವರು ಸ್ಟ್ರಿಂಗ್ಸ್ ಹಿಡಿದು ಮೆಲ್ಲಗೆ ಹರಿಸಲಿ. ಐದನೆಯವರು ಒಂದು ಸುತ್ತು ಕೇಳಲಿ, ಮುಂದಿನ ಸುತ್ತಿನಲ್ಲಿ ಜಾಗ ಬದಲಾಗಲಿ. ಕೇಳುತ್ತಾ ಕೂತವರಿಗೇ ಯಾರು ಜಾಸ್ತಿ ನುಡಿಸುತ್ತಿದ್ದಾರೆ ಅಂತ ಮೊದಲು ಗೊತ್ತಾಗುವುದು.

ರಾಗ ಹಿಡಿದು ಕೂರುವ ದಿನ ಈ ಲೆಕ್ಕ ಬದಲಾಗುತ್ತದೆ. ಭೂಪ, ದುರ್ಗಾ ಥರ ಐದು ಸ್ವರದ ರಾಗ ಹವ್ಯಾಸಿಗಳಿಗೆ ಸುಲಭ, ತಪ್ಪು ಸ್ವರಕ್ಕೆ ಬೆರಳು ಹೋಗುವುದು ಕಡಿಮೆ. ಅಂಥ ದಿನ ಕಾರ್ಡ್ ಬೇಡ. ಒಬ್ಬರು ಸ ಪ ಹಿಡಿದು ಕೂತರೆ ಸಾಕು, ಇಲ್ಲವೇ ಮೊಬೈಲಿನಲ್ಲಿ ತಂಬೂರಿ ಆಪ್ ಹಾಕಿ. ಕೀಬೋರ್ಡಿನ ಗ ಶುದ್ಧ ಗಾಂಧಾರಕ್ಕಿಂತ 14 ಸೆಂಟ್ ಏರಿರುತ್ತದೆ, ಸೆಮಿಟೋನಿನ ಏಳನೇ ಒಂದು ಪಾಲು ಅನ್ನಿ. ತಂಬೂರಿ ಎದುರು ಉದ್ದಕ್ಕೆ ಹಿಡಿದರೆ ಒಳ್ಳೆಯ ಕಿವಿಗೆ ಚುಚ್ಚುತ್ತದೆ. ಗ ದ ಮೇಲೆ ನಿಲ್ಲದೆ ಮುಟ್ಟಿ ಸಾಗಿದರೆ ಅಷ್ಟು ಗೊತ್ತಾಗುವುದಿಲ್ಲ.

ಮಳೆ, ಕರೆಂಟ್, ಅಡಾಪ್ಟರ್

ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಬೆಳಗಾವಿ ಮಳೆ ಗೊತ್ತಲ್ವಾ. ದಪ್ಪ ಬ್ಯಾಗ್ ಇದ್ದರೂ ಒಳಗೆ ಒಂದು ಪ್ಲಾಸ್ಟಿಕ್ ಹಾಳೆ ಸುತ್ತಿ ತನ್ನಿ. ಹಸಿಯಾದ ಬ್ಯಾಗಿನಲ್ಲಿ ವಾದ್ಯ ರಾತ್ರಿಯಿಡೀ ಬಿಡಬೇಡಿ. ಕರೆಂಟ್ ಹೋದಾಗ ಕೂಟ ನಿಲ್ಲಬಾರದು ಅಂದರೆ ಸೆಲ್ಲಿನಲ್ಲಿ ನಡೆಯುವ ಒಂದೆರಡು ವಾದ್ಯ ಇರಲೇಬೇಕು. ಸಿಟಿ-ಎಸ್300, ಇ373 ಎರಡಕ್ಕೂ 6 ಡಬಲ್ ಎ ಸೆಲ್ ಸಾಕು. ಪೇಟಿಗಂತೂ ಕರೆಂಟಿನ ಹಂಗೇ ಇಲ್ಲ.

ಅಡಾಪ್ಟರ್ ಮರೆತು ಬಂದವರು ಪಕ್ಕದವರದ್ದನ್ನು ಚುಚ್ಚುವ ಮೊದಲು ಎರಡು ವಿಷಯ ನೋಡಿ. ವೋಲ್ಟೇಜ್ ಒಂದೇ ಇರಬೇಕು: ಯಮಹಾ ಪಿಎಸ್‌ಆರ್‌ಗಳು ಸಾಮಾನ್ಯವಾಗಿ 12 ವೋಲ್ಟ್, ಸಿಟಿ-ಎಸ್300 9.5 ವೋಲ್ಟ್. ಆಮೇಲೆ ಪಿನ್ನಿನ ನಡುಭಾಗ ಪ್ಲಸ್ಸೋ ಮೈನಸ್ಸೋ ನೋಡಬೇಕು. ಹಳೆ ಕ್ಯಾಸಿಯೋಗಳಲ್ಲಿ ನಡುಭಾಗ ಮೈನಸ್ ಇರುವುದುಂಟು. ಪಿನ್ ಸರಿಯಾಗಿ ಕೂತಿತು ಅಂದ ಮಾತ್ರಕ್ಕೆ ಕರೆಂಟ್ ಸರಿ ಇದೆ ಅಂತ ಅಲ್ಲ. ಸಾಕೆಟ್ ಪಕ್ಕದಲ್ಲಿ ಮತ್ತು ಅಡಾಪ್ಟರ್ ಮೇಲೆ ಒಂದು ಪುಟ್ಟ ದುಂಡು ಚಿತ್ರ ಇರುತ್ತದೆ, ಅವೆರಡೂ ಒಂದೇ ಇದ್ದರೆ ಮಾತ್ರ ಹಾಕಿ. ನಿಮ್ಮ ಅಡಾಪ್ಟರಿಗೆ ನಿಮ್ಮ ಹೆಸರು ಬರೆದ ಪಟ್ಟಿ ಅಂಟಿಸಿ ಇಡಿ. ಗಣಪತಿ ಗಲ್ಲಿಯ ಅಂಗಡಿಗಳು ಬಾಗಿಲು ಹಾಕಿದ ಮೇಲೆ ಭಾನುವಾರ ಸಂಜೆ ಇನ್ನೊಂದು ಸಿಗುವುದು ಕಷ್ಟ.